ರಾತ್ರಿ ಹತ್ತರ ಮೇಲೆ ಕೇಳುವವರ ಪ್ರೀಆಂಪ್

ಒಳ್ಳೆಯ ಆಡಿಯೋ ಸಿಸ್ಟಮ್ ಕಟ್ಟಿಕೊಳ್ಳುವ ಆಸೆ ಇರುವವರು ಮೊದಲು ಸ್ಪೀಕರ್‌ಗೆ ದುಡ್ಡು ಹಾಕುತ್ತಾರೆ. ಅದು ಸರಿಯೇ. ಆಮೇಲೆ ಸ್ಪೀಕರನ್ನು ನಡೆಸುವ ಪವರ್ ಆಂಪ್, ಆಮೇಲೆ ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡಿಕೊಡುವ ಡ್ಯಾಕ್ ಅಥವಾ ಎಲ್‌ಪಿ ತಿರುಗಿಸುವ ಟರ್ನ್‌ಟೇಬಲ್. ಇವುಗಳಿಗೂ ಪವರ್ ಆಂಪಿಗೂ ನಡುವೆ ಕೂತು ಹಾಡಿನ ಮೂಲ ಆರಿಸುವ, ವಾಲ್ಯೂಮ್ ಏರಿಳಿಸುವ ಪ್ರೀಆಂಪ್ ಸರದಿ ಬರುವ ಹೊತ್ತಿಗೆ ಜೇಬು ಹಗುರಾಗಿರುತ್ತದೆ, ತಲೆಯೂ ದಣಿದಿರುತ್ತದೆ. ಸ್ಪೀಕರ್ ಬದಲಾಯಿಸಿದರೆ ಮನೆಯವರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಪ್ರೀಆಂಪ್ ಏನು ಮಾಡುತ್ತದೆ ಅಂತ ಕೇಳಿದರೆ ಅಂಗಡಿಯವರೂ ಒಂದು ಕ್ಷಣ ತಡವರಿಸುತ್ತಾರೆ. ವಾಲ್ಯೂಮ್ ತಿರುಗಿಸುವ ಪೆಟ್ಟಿಗೆಗೆ ಲಕ್ಷಗಟ್ಟಲೆ ಯಾಕೆ ಕೊಡಬೇಕು ಅನ್ನುವುದು ನ್ಯಾಯವಾದ ಪ್ರಶ್ನೆ, ಅಲ್ವಾ?

ಬಹಳ ದಿನ ಓದಿ, ಕೇಳಿ, ಅಳೆದು ನೋಡಿದ ಮೇಲೆ ನಾನು ಬಂದು ನಿಂತಿರುವ ಜಾಗ ಇದು: ಪ್ರೀಆಂಪ್ ಆರಿಸುವುದು ಅಂದರೆ ಮುಖ್ಯವಾಗಿ ವಾಲ್ಯೂಮ್ ಕಂಟ್ರೋಲ್ ಆರಿಸುವುದು. ಅದೂ ಶೋರೂಮಿನ ವಾಲ್ಯೂಮ್‌ನಲ್ಲಲ್ಲ. ನಮ್ಮ ಮನೆಯಲ್ಲಿ, ನಾವು ನಿಜವಾಗಿ ಕೇಳುವ ವಾಲ್ಯೂಮ್‌ನಲ್ಲಿ.

ನಮ್ಮ ಮನೆ ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ಹಳೆಯ ಸೊಸೈಟಿ. ಹಾಲಿನ ಗೋಡೆಯ ಆಚೆ ಇನ್ನೊಬ್ಬರ ಮಲಗುವ ಕೋಣೆ. ಧಾರವಾಡದಿಂದ ಕೆಲಸಕ್ಕೆಂದು ಬಂದು ಇಲ್ಲೇ ಬೇರು ಬಿಟ್ಟವರು ನಾವು. ಹಗಲು ಆಫೀಸು, ಸಂಜೆ ಮಕ್ಕಳ ಓದು, ಟಿವಿ. ಹಾಡಿಗೆ ಅಂತ ನನಗೆ ಸಿಗುವುದು ರಾತ್ರಿ ಹತ್ತರ ಮೇಲಿನ ಹೊತ್ತು. ಇಲ್ಲಿಯ ಫ್ಲಾಟುಗಳಲ್ಲಿ ಸಂಗೀತ ಕೇಳುವ ಹೆಚ್ಚಿನವರ ಕತೆ ಇದೇ. ಹಾಗಾಗಿ ನಮಗೆ ಬೇಕಾದ ಯಂತ್ರ ಮೆಲ್ಲಗೆ ಹಾಡಿದಾಗಲೂ ಹಾಡು ಕೆಡದಂತೆ ನೋಡಿಕೊಳ್ಳುವಂಥದ್ದು.

ಪ್ರೀಆಂಪಿನ ಕೆಲಸ ಮೊದಲಿನಿಂದ ಹೀಗಿರಲಿಲ್ಲ. ಒಂದು ಕಾಲಕ್ಕೆ ಅದು ನಿಜಕ್ಕೂ ಸಿಗ್ನಲ್ಲನ್ನು ಮೇಲೆತ್ತಬೇಕಿತ್ತು. ಎಲ್‌ಪಿ ಓದುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 5 ಮಿಲಿವೋಲ್ಟಿನ ಆಸುಪಾಸು. ಮೂವಿಂಗ್ ಕಾಯಿಲ್ ಆದರೆ ಅದರ ಹತ್ತನೇ ಒಂದು ಪಾಲು. ಹಳೆಯ ಟ್ಯೂನರ್, ಟೇಪ್ ಡೆಕ್‌ಗಳದ್ದೂ ಅರ್ಧ ವೋಲ್ಟಿನ ಒಳಗೇ. 1982ರಲ್ಲಿ ಸಿಡಿ ಪ್ಲೇಯರ್ ಬಂತು. ಅದರ ಜೊತೆ 2 ವೋಲ್ಟ್ ಔಟ್‌ಪುಟ್ ಅನ್ನುವುದು ರೂಢಿಗೆ ಬಂತು. ಈಗಿನ ಡ್ಯಾಕ್‌ಗಳೂ ಅದನ್ನೇ ಪಾಲಿಸುತ್ತವೆ. ಒಂದೇ ಸಿಗ್ನಲ್ಲನ್ನು ನೇರ, ಉಲ್ಟಾ ಅಂತ ಎರಡು ತಂತಿಗಳಲ್ಲಿ ಕಳಿಸುವ ಬ್ಯಾಲೆನ್ಸ್ಡ್ ಔಟ್‌ಪುಟ್ ಇದ್ದರೆ 4 ವೋಲ್ಟ್ ಕೊಡುವುದೂ ಉಂಟು.

ಒಂದು ಲೆಕ್ಕ ಹಾಕೋಣ. ಮಾಮೂಲಿ ಪವರ್ ಆಂಪಿನ ಗೇನ್ 26 ಡೆಸಿಬೆಲ್ ಇರುತ್ತದೆ. ಅಂದರೆ ಒಳಗೆ ಬಂದ ವೋಲ್ಟೇಜನ್ನು ಅದು 20 ಪಟ್ಟು ಮಾಡುತ್ತದೆ. ಡ್ಯಾಕ್‌ನ 2 ವೋಲ್ಟನ್ನು ಹಾಗೇ ಒಳಗೆ ಬಿಟ್ಟರೆ ಹೊರಗೆ 40 ವೋಲ್ಟ್. 8 ಓಮ್ ಸ್ಪೀಕರಿಗೆ ಅದು 200 ವ್ಯಾಟ್. ಈಗ ನಮ್ಮ ರಾತ್ರಿಯ ಲೆಕ್ಕ. 87 ಡೆಸಿಬೆಲ್ ಸೆನ್ಸಿಟಿವಿಟಿಯ (1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಮಾಡುವ) ಒಂದು ಜೊತೆ ಸ್ಪೀಕರ್, ಎರಡೂವರೆ ಮೀಟರ್ ದೂರದಲ್ಲಿ ಕುರ್ಚಿ, ಇಬ್ಬರು ಮಾತಾಡುವಷ್ಟು ದನಿ, ಅಂದರೆ ಸರಾಸರಿ 60 ಡೆಸಿಬೆಲ್. ಅದಕ್ಕೆ ಬೇಕಾಗುವುದು ಕೆಲವೇ ಮಿಲಿವ್ಯಾಟ್. ಹಾಡಿನ ತಾನ್ ಮೇಲೇರಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಬೀಳುವ ಜೋರಿನ ಜಾಗಗಳನ್ನು ಹಿಡಿದರೂ ವ್ಯಾಟಿನ ಹತ್ತನೇ ಒಂದು ಪಾಲಿನ ಸುತ್ತ ಮುಗಿಯುತ್ತದೆ. ಅಂದರೆ ಆ 2 ವೋಲ್ಟನ್ನು 30 ಡೆಸಿಬೆಲ್‌ಗಿಂತ ಜಾಸ್ತಿ ಇಳಿಸಬೇಕು. ವೋಲ್ಟೇಜ್ ಲೆಕ್ಕದಲ್ಲಿ ಮೂವತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಕೆರೆ ತುಂಬಿ ನಿಂತಿದೆ. ಬೇಕಾಗಿರುವುದು ಹದವಾಗಿ, ಸಣ್ಣದಾಗಿ ತೆಗೆಯಲು ಬರುವ ತೂಬು.

ಇಷ್ಟಿದ್ದೂ ಎಷ್ಟೋ ದುಬಾರಿ ಪ್ರೀಆಂಪ್‌ಗಳು ತಮ್ಮ ಪಾಲಿನ 12, 15, ಕೆಲವೊಮ್ಮೆ 20 ಡೆಸಿಬೆಲ್ ಗೇನ್ ಸೇರಿಸುತ್ತವೆ. ಮೊದಲು ಅಷ್ಟು ಇಳಿಸಿ, ಆಮೇಲೆ ಇಷ್ಟು ಏರಿಸಿ, ಪವರ್ ಆಂಪಿಗೆ ಕೊಡುವುದು. ಹಾಗೆ ಏರಿಸುವಾಗ ಪ್ರೀಆಂಪಿನ ಸ್ವಂತ ಸದ್ದೂ ಜೊತೆಗೆ ಏರುತ್ತದೆ. ಟ್ವೀಟರಿಗೆ ಕಿವಿ ಹಚ್ಚಿದರೆ ಕೇಳುವ ಆ ಸುಯ್ಯ್ ಅನ್ನುವ ಸದ್ದು ಎಷ್ಟೋ ಸಲ ಇದರಿಂದಲೇ. ಜೊತೆಗೆ ನಾಬ್ ಸದಾ ಏಳು ಗಂಟೆ, ಎಂಟು ಗಂಟೆ ಜಾಗದಲ್ಲೇ ಸಿಕ್ಕಿಕೊಂಡಿರುತ್ತದೆ. ಎಲ್ಲ ನಾಬುಗಳೂ ತಮ್ಮ ದೌರ್ಬಲ್ಯ ತೋರಿಸುವ ಜಾಗ ಅದೇ.

ಇದನ್ನು ನಾನು ಕಣ್ಣಾರೆ ನೋಡಿದ್ದು ಪಕ್ಕದ ಸೊಸೈಟಿಯ ಕಾಕಾ ಅವರ ಮನೆಯಲ್ಲಿ. ಮೂಲ ಗದಗಿನ ಕಡೆಯವರು, ಬ್ಯಾಂಕಿನಿಂದ ರಿಟೈರ್ ಆದವರು. ಸವಾಯಿ ಗಂಧರ್ವ ಉತ್ಸವ ರಮಣಬಾಗ್ ಶಾಲೆಯ ಮೈದಾನದಲ್ಲಿ ಬೆಳಗಿನ ತನಕ ನಡೆಯುತ್ತಿದ್ದ ಕಾಲದಿಂದ ಕೇಳುತ್ತಾ ಬಂದ ಕಿವಿ ಅವರದ್ದು. ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಉತ್ಸವ ಅದು. ಡಿಸೆಂಬರ್ ಬಂತೆಂದರೆ ಪುಣೆಯಲ್ಲಿರುವ ನಮ್ಮ ಕಡೆಯವರಿಗೆ ಅದು ತವರಿನ ಜಾತ್ರೆ ಇದ್ದ ಹಾಗೇ. ಕಾಕಾ ಅವರ ಹಾಲಿನಲ್ಲಿ ಕುರ್ಚಿಯ ಕಾಲಿನ ಗುರುತು ನೆಲದ ಮೇಲೆ ಎರಡು ಕಡೆ ಬಿದ್ದಿತ್ತು. ಒಂದು ಸ್ಪೀಕರುಗಳ ನಟ್ಟನಡುವೆ. ಇನ್ನೊಂದು ಅದರಿಂದ ಒಂದು ಗೇಣು ಬಲಕ್ಕೆ. ಇದೇನು ಅಂತ ಕೇಳಿದೆ.

"ಹಗಲು ಮನ್ಸೂರರು ನಡುವ ಕೂತು ಹಾಡ್ತಾರ ತಮ್ಮಾ. ರಾತ್ರಿ ದನಿ ಸಣ್ಣದು ಮಾಡಿದ ಕೂಡ್ಲೆ ಎಡಕ್ಕ ಸರದ ಕೂಡ್ತಾರ. ಅದಕ್ಕ ನಾನೂ ಕುರ್ಚಿ ಸರಸ್ತೀನಿ."

ಮಲ್ಲಿಕಾರ್ಜುನ ಮನ್ಸೂರರ ಹಾಡು ಹಾಕಿ ಕೇಳಿಸಿದರು. ನಿಜ. ವಾಲ್ಯೂಮ್ ಏರಿಸಿದಾಗ ದನಿ ನಡುವೆ, ತಾನಪುರ ಹಿಂದೆ, ತಬಲಾ ಪಕ್ಕಕ್ಕೆ. ಇಳಿಸುತ್ತಾ ಬಂದಂತೆ ದನಿ ಮೆಲ್ಲಗೆ ಎಡ ಸ್ಪೀಕರಿನ ಕಡೆ ವಾಲಿತು. ತಾನಪುರದ ಹರಹು ಕುಗ್ಗಿತು. ಮರುದಿನ ಮಲ್ಟಿಮೀಟರ್ ಒಯ್ದು ಅಳೆದೆವು. ಒಂದೇ ಮಟ್ಟದ ಟೆಸ್ಟ್ ಟೋನ್ ಹಾಕಿದಾಗ ಎಡಕ್ಕೆ 50 ಮಿಲಿವೋಲ್ಟ್ ಬಂದರೆ ಬಲಕ್ಕೆ 40. ಹತ್ತಿರ ಹತ್ತಿರ 2 ಡೆಸಿಬೆಲ್ ವ್ಯತ್ಯಾಸ. ದನಿ ಪಕ್ಕಕ್ಕೆ ಸರಿಯಲು ಅಷ್ಟು ಧಾರಾಳ ಸಾಕು.

ಕಾರಣ ಸರಳ. ಮಾಮೂಲಿ ವಾಲ್ಯೂಮ್ ಪಾಟ್‌ನಲ್ಲಿ (ನಾಬಿನ ಹಿಂದಿನ ಪೊಟೆನ್ಶಿಯೋಮೀಟರ್) ಒಂದೇ ಕಡ್ಡಿಗೆ ಎರಡು ಕಾರ್ಬನ್ ಪಟ್ಟಿ ಇರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಎರಡೂ ಅಚ್ಚುಕಟ್ಟಾಗಿ ಹೊಂದುವುದು ನಡುವಿನಿಂದ ಮೇಲಕ್ಕೆ. ತೀರಾ ಕೆಳಗಿನ ತುದಿಯಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಲ್ಪ್ಸ್ ಕಂಪನಿಯ ನೀಲಿ ಪಾಟ್ ಇದರಲ್ಲಿ ಒಳ್ಳೆಯ ಹೆಸರು ಗಳಿಸಿದೆ, ಆದರೂ ಪಾಟ್ ಪಾಟೇ. ಖಯಾಲ್ ಕೇಳುವವರಿಗೆ ಇದು ಸಣ್ಣ ಸಂಗತಿ ಅಲ್ಲ. ಬ್ಯಾಂಡ್ ಸಂಗೀತದಲ್ಲಿ ನೂರೆಂಟು ಸದ್ದುಗಳ ನಡುವೆ ಇದು ಮುಚ್ಚಿ ಹೋಗಬಹುದು. ಒಬ್ಬರೇ ಕೂತು ಹಾಡುವಾಗ ಅವರು ಎಲ್ಲಿ ಕೂತಿದ್ದಾರೆ ಅನ್ನುವುದು ಅಲುಗಾಡಿದರೆ ಕೇಳುವ ಮನಸ್ಸೂ ಅಲುಗಾಡುತ್ತದೆ.

ಹಾಗಾದರೆ ಪಾಟ್ ಬಿಟ್ಟು ಬೇರೆ ಏನಿದೆ? ಸ್ಟೆಪ್ಡ್ ಅಟೆನ್ಯುಯೇಟರ್ ಇದೆ. ಅದೊಂದು ತಿರುಗುವ ಸ್ವಿಚ್. ಪ್ರತಿ ಮೆಟ್ಟಿಲಿಗೂ ಅಳೆದು ಆರಿಸಿದ ರೆಸಿಸ್ಟರ್. ಎಡಬಲ ಹೊಂದಾಣಿಕೆ ಬಹಳ ಚೆನ್ನ. ತೊಂದರೆ ಅಂದರೆ ಮೆಟ್ಟಿಲುಗಳ ಸಂಖ್ಯೆ ಕಮ್ಮಿ. ಇಪ್ಪತ್ತಮೂರು, ಇಪ್ಪತ್ತನಾಲ್ಕು ಮೆಟ್ಟಿಲಿನ ಸ್ವಿಚ್‌ನಲ್ಲಿ ಒಂದು ಮೆಟ್ಟಿಲು ಸಣ್ಣದಾಯಿತು, ಮುಂದಿನದು ದೊಡ್ಡದಾಯಿತು ಅನ್ನುವ ಪೇಚಾಟ ರಾತ್ರಿ ಹೊತ್ತು ನಿಜವಾಗಿ ಕಾಡುತ್ತದೆ. ರಿಲೇ, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಸ್ವಿಚ್ ಬಳಸುವ ರೆಸಿಸ್ಟರ್ ಏಣಿ ಇನ್ನೊಂದು ದಾರಿ. ನಾಬ್ ತಿರುಗಿಸಿದರೆ ಒಳಗೆ ಸಣ್ಣ ರಿಲೇಗಳು ಟಿಕ್ ಟಿಕ್ ಅಂತ ರೆಸಿಸ್ಟರುಗಳನ್ನು ಜೋಡಿಸುತ್ತವೆ. ಎಂಟು ರಿಲೇ ಇದ್ದರೆ 256 ಮೆಟ್ಟಿಲು. ಅರ್ಧ ಡೆಸಿಬೆಲ್‌ಗೊಂದು ಮೆಟ್ಟಿಲು ಸಿಗುತ್ತದೆ, ರಿಮೋಟೂ ಕೆಲಸ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ವಾಲ್ಯೂಮ್ ಇಳಿಸುವವರೂ ಇದ್ದಾರೆ. ಜಪಾನಿನ ಅಕ್ಯುಫೇಸ್ ಸಿಗ್ನಲ್ಲನ್ನು ಹಲವು ಕರೆಂಟ್‌ಗಳಾಗಿ ಒಡೆದು, ಬೇಕಾದಷ್ಟನ್ನೇ ಕೂಡಿಸುವ ತನ್ನದೇ ವಿಧಾನ ಮಾಡಿಕೊಂಡಿದೆ. ಬೆಲೆ ಜಾಸ್ತಿ, ಆದರೆ ಮೆಲ್ಲಗೆ ಕೇಳುವವರ ತೊಂದರೆಗೆ ಅದು ನಿಜವಾದ ಉತ್ತರ.

ಡ್ಯಾಕ್‌ನಲ್ಲೇ ಡಿಜಿಟಲ್ ವಾಲ್ಯೂಮ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಅದೂ ಕಡೆಗಣಿಸುವ ಮಾತಲ್ಲ. ಡಿಜಿಟಲ್‌ನಲ್ಲಿ ಎಡಬಲ ವ್ಯತ್ಯಾಸ ಬರುವುದೇ ಇಲ್ಲ. ಪ್ರತಿ 6 ಡೆಸಿಬೆಲ್ ಇಳಿಸಿದಾಗ ಒಂದು ಬಿಟ್ ಹೋದ ಹಾಗೆ ಅನ್ನುತ್ತಾರೆ. 24 ಬಿಟ್ ಇರುವಾಗ ಅದಕ್ಕೆ ಹೆದರಬೇಕಿಲ್ಲ. ನಿಜವಾದ ತೊಡಕು ಬೇರೆ. ಹಾಡಿನ ಮಟ್ಟ ಇಳಿಯುತ್ತದೆ, ಡ್ಯಾಕ್‌ನ ಸ್ವಂತ ಅನಲಾಗ್ ಸದ್ದು ಇಳಿಯುವುದಿಲ್ಲ. ಸೆನ್ಸಿಟಿವಿಟಿ ಜಾಸ್ತಿ ಇರುವ ಸ್ಪೀಕರ್ ಇಟ್ಟವರಿಗೆ ಅದು ಕೇಳಿಸುತ್ತದೆ. ಬರೀ ಸ್ಟ್ರೀಮಿಂಗ್ ಮಾತ್ರ ಕೇಳುವವರು, ಒಳ್ಳೆಯ ಡ್ಯಾಕ್ ಇರುವವರು ಪ್ರೀಆಂಪ್ ಇಲ್ಲದೆಯೂ ಸುಖವಾಗಿರಬಹುದು ಅಂತಲೇ ನನ್ನ ಅನಿಸಿಕೆ. ಎಲ್‌ಪಿ, ಸಿಡಿ, ಡ್ಯಾಕ್ ಎಲ್ಲವನ್ನೂ ಸಾಕಿಕೊಂಡವರಿಗೆ ಮಾತ್ರ ಪ್ರೀಆಂಪ್ ಬೇಕೇ ಬೇಕು.

ಪ್ಯಾಸಿವ್ ಪ್ರೀಆಂಪ್ ಬಗ್ಗೆಯೂ ಹೇಳಬೇಕು. ಕರೆಂಟೇ ಬೇಡ, ಬರೀ ಪಾಟ್ ಮತ್ತು ಸ್ವಿಚ್. ಬೆಲೆ ಕಮ್ಮಿ, ಕೇಳಲು ಎಷ್ಟೋ ಸಲ ಬಹಳ ಸ್ವಚ್ಛ. ಆದರೆ 50 ಕಿಲೋ ಓಮ್ ಪಾಟ್ ಹಾಕಿದರೆ ಅದರ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಬರುವ ಸಿಗ್ನಲ್ಲಿಗೆ ಎದುರಾಗುವ ತಡೆ, 12.5 ಕಿಲೋ ಓಮ್‌ವರೆಗೆ ಏರುತ್ತದೆ. ಅದರ ಮುಂದೆ 5 ಮೀಟರ್ ಕೇಬಲ್ ಎಳೆದರೆ ಕೇಬಲ್ಲಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಜೊತೆ ಸೇರಿ ಮೇಲಿನ ಸ್ವರಗಳು ಮಂಕಾಗತೊಡಗುತ್ತವೆ. 10 ಕಿಲೋ ಓಮ್ ಪಾಟ್, ಒಂದು ಮೀಟರ್ ಕೇಬಲ್ ಇಟ್ಟುಕೊಂಡರೆ ಆ ಚಿಂತೆ ಇಲ್ಲ. ಅಮೆರಿಕದ ಆಂಪ್ಲಿಫೈಯರ್ ತಜ್ಞ ನೆಲ್ಸನ್ ಪಾಸ್ ಇದಕ್ಕೊಂದು ನಡುದಾರಿ ಮಾಡಿ, ಅದರ ಸರ್ಕ್ಯೂಟನ್ನು ಹವ್ಯಾಸಿಗಳಿಗಾಗಿ ಬಹಿರಂಗ ಮಾಡಿದರು. ಬಿ1 ಬಫರ್ ಅಂತ ಹೆಸರು. ಅದು ವೋಲ್ಟೇಜ್ ಏರಿಸುವುದೇ ಇಲ್ಲ, ಪಾಟಿಗೂ ಕೇಬಲ್ಲಿಗೂ ನಡುವೆ ನಿಂತು ಕೇಬಲನ್ನು ನಿಭಾಯಿಸುತ್ತದೆ ಅಷ್ಟೇ. ಈಗಿನ ಸಿಸ್ಟಮ್‌ಗಳಲ್ಲಿ ಗೇನ್ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ ಅನ್ನುವುದು ಅವರ ವಾದ. ಮೇಲಿನ ಲೆಕ್ಕ ಹೇಳುವುದೂ ಅದನ್ನೇ.

ಇನ್ನು ವಾಲ್ವ್ ಪ್ರೀಆಂಪ್, ಗಾಜಿನ ಟ್ಯೂಬ್ ಇರುವಂಥದ್ದು. ನನಗೆ ಅವುಗಳ ಮೇಲೆ ನಿಜವಾದ ಪ್ರೀತಿ ಇದೆ. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ವಾಲ್ವ್ ತಯಾರಿಸುತ್ತಿತ್ತು. ನಮ್ಮ ಅಜ್ಜಂದಿರ ರೇಡಿಯೋಗಳು ಹಾಡಿದ್ದು ಅಂಥವುಗಳ ಬಿಸಿಯಲ್ಲೇ. ಆದರೆ ವಾಲ್ವ್ ಪ್ರೀಆಂಪ್ ತರುವ ಮೊದಲು ನೋಡಬೇಕಾದ ಒಂದು ಜಾಗ ಇದೆ, ಔಟ್‌ಪುಟ್ಟಿನಲ್ಲಿ ಕೂತಿರುವ ಕೆಪಾಸಿಟರ್. ಅದು 1 ಮೈಕ್ರೋಫ್ಯಾರಡ್ ಇದ್ದು, ಮುಂದಿನ ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್ 47 ಕಿಲೋ ಓಮ್ ಇದ್ದರೆ ಕೆಳಸ್ವರ 3, 4 ಹರ್ಟ್ಸ್‌ವರೆಗೆ ಆರಾಮ ಇಳಿಯುತ್ತದೆ. ಅದೇ ಪ್ರೀಆಂಪನ್ನು 10 ಕಿಲೋ ಓಮ್‌ನ ಪವರ್ ಆಂಪಿಗೆ ಕೊಟ್ಟರೆ 16 ಹರ್ಟ್ಸ್ ಹತ್ತಿರವೇ 3 ಡೆಸಿಬೆಲ್ ಕೆಳಗೆ ಬಿದ್ದಿರುತ್ತದೆ, ಅದರ ಪರಿಣಾಮ ಇನ್ನೂ ಮೇಲಿನ ಸ್ವರಗಳಿಗೂ ತಟ್ಟುತ್ತದೆ. ವಾಲ್ವ್ ಅಂದರೆ ಬೇಸ್ ಮೆತ್ತಗೆ ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಹೊಂದಿಕೆಯಿಲ್ಲದ ಜೋಡಿ. ಮುಂದಿನದರ ಇನ್‌ಪುಟ್ ಇಂಪೀಡೆನ್ಸ್ ಹಿಂದಿನದರ ಔಟ್‌ಪುಟ್ ಇಂಪೀಡೆನ್ಸಿನ ಹತ್ತು ಪಟ್ಟಾದರೂ ಇರಬೇಕು ಅನ್ನುವ ಹಳೆಯ ನಿಯಮ ಇಲ್ಲಿ ಕೈ ಹಿಡಿಯುತ್ತದೆ. ಎರಡೂ ಅಂಕಿ ಸ್ಪೆಸಿಫಿಕೇಶನ್ ಹಾಳೆಯಲ್ಲೇ ಇರುತ್ತವೆ.

ಬೇಸ್ ವಿಷಯ ಬಂದಿದ್ದಕ್ಕೆ ಇನ್ನೊಂದು. ಸದ್ದು ಸಣ್ಣದಾದಂತೆ ನಮ್ಮ ಕಿವಿಗೆ ಕೆಳಸ್ವರ ಉಳಿದೆಲ್ಲಕ್ಕಿಂತ ಬೇಗ ಕಮ್ಮಿಯಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಳೆಯ ಸ್ಟೀರಿಯೋಗಳಲ್ಲಿ ಲೌಡ್‌ನೆಸ್ ಬಟನ್ ಇರುತ್ತಿದ್ದದ್ದು ಇದಕ್ಕೇ. ಆಮೇಲೆ ಶುದ್ಧತೆಯ ಹೆಸರಿನಲ್ಲಿ ದುಬಾರಿ ಪ್ರೀಆಂಪ್‌ಗಳಿಂದ ಟೋನ್ ಕಂಟ್ರೋಲ್, ಲೌಡ್‌ನೆಸ್, ಬ್ಯಾಲೆನ್ಸ್, ಎಡಬಲ ಕೂಡಿಸಿ ಒಂದು ಮಾಡುವ ಮೋನೋ ಸ್ವಿಚ್ ಎಲ್ಲ ಕಿತ್ತು ಹಾಕಿದರು. ಮುಂದೆ ಒಂದು ನಾಬ್, ಒಂದು ದೀಪ, ಮುಗಿಯಿತು. ನನಗೆ ಇದು ಒಪ್ಪಿಗೆ ಇಲ್ಲ. ಅಕ್ಯುಫೇಸ್, ಲಕ್ಸ್‌ಮನ್, ಮ್ಯಾಕಿಂತೋಷ್ ಇವತ್ತಿಗೂ ಟೋನ್ ಕಂಟ್ರೋಲ್ ಇರುವ ಯಂತ್ರಗಳನ್ನು ಮಾಡುತ್ತವೆ, ಬೇಡವಾದಾಗ ಅದನ್ನು ದಾರಿಯಿಂದ ಪೂರ್ತಿ ತೆಗೆಯುವ ಬಟನ್ನೂ ಕೊಡುತ್ತವೆ. ರಾತ್ರಿ ಕೇಳುವವರಿಗೆ ಅದೇ ಸರಿ. ಸಣ್ಣ ದನಿಯಲ್ಲಿ ತಬಲಾ ಜೋಡಿಯ ಎಡಗೈ ಡಗ್ಗಾದ ಗುಮ್ಮು ಕಾಣೆಯಾಗಿ ಬರೀ ಬಲಗೈ ತಬಲಾದ ಟಣ್ ಮಾತ್ರ ಉಳಿದರೆ ಠೇಕಾ ಅರ್ಧಕ್ಕರ್ಧ ಹೋದ ಹಾಗೆ. ಬೇಸ್ ಎರಡು ಮೂರು ಡೆಸಿಬೆಲ್ ಎತ್ತಿದರೆ ಡಗ್ಗಾ ತನ್ನ ಜಾಗಕ್ಕೆ ಬರುತ್ತದೆ.

ಮೋನೋ ಸ್ವಿಚ್ಚಿನ ಮೇಲೆ ನನಗೆ ಇನ್ನೂ ಜಾಸ್ತಿ ಕಾಳಜಿ. 1958ರಲ್ಲಿ ಸ್ಟೀರಿಯೋ ಎಲ್‌ಪಿ ಮಾರುಕಟ್ಟೆಗೆ ಬರುವ ಮೊದಲಿನ ತಟ್ಟೆಗಳು ಹೆಚ್ಚುಕಮ್ಮಿ ಎಲ್ಲ ಮೋನೋ. ನಮ್ಮಲ್ಲಿ ಅದಾದ ಮೇಲೂ ಎಷ್ಟೋ ವರ್ಷ ಮೋನೋ ಮುಂದುವರಿಯಿತು. ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವ, ಎಳೆಯ ಗಂಗೂಬಾಯಿ, ಎಳೆಯ ಮನ್ಸೂರ್, ಎಲ್ಲರೂ ನಮಗೆ ಉಳಿದಿರುವುದು ಮೋನೋದಲ್ಲಿ. ಮೋನೋ ತಟ್ಟೆಯ ಹಾಡು ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ. ಧೂಳು, ಸವೆತದ ಸದ್ದು ಮೇಲೆ ಕೆಳಗಿನ ಚಲನೆಯಲ್ಲೂ ಬರುತ್ತದೆ. ಎಡಬಲ ಕೂಡಿಸಿದಾಗ ಆ ಮೇಲೆ ಕೆಳಗಿನ ಪಾಲು ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಮೋನೋ ಬಟನ್ ಒತ್ತಿದ ಕ್ಷಣ ಚಟಪಟ ಅರ್ಧ ಇಳಿದು ಹಾಡುಗಾರರು ಮುಂದೆ ಬಂದು ಕೂರುತ್ತಾರೆ. ಕೆಲವು ರೂಪಾಯಿಯ ಸ್ವಿಚ್ ಅದು. ಲಕ್ಷಗಳ ಯಂತ್ರದಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ ನನಗೆ ಬೇಸರ ಆಗುತ್ತದೆ.

ಎಲ್‌ಪಿಯ ಸಣ್ಣ ಸಿಗ್ನಲ್ಲನ್ನು ಮೇಲೆತ್ತುವ ಫೋನೋ ಸ್ಟೇಜ್ ಪ್ರೀಆಂಪಿನ ಒಳಗೇ ಇರಬೇಕಾ, ಬೇರೆ ಇರಬೇಕಾ ಅಂತ ಕೇಳಿದರೆ, ಬೇರೆ ಇರಲಿ. ಮುಂದೆ ಕಾರ್ಟ್ರಿಜ್ ಬದಲಾದರೆ ಅದೊಂದನ್ನೇ ಬದಲಾಯಿಸಬಹುದು.

ಹಮ್, ಅಂದರೆ ಸ್ಪೀಕರಿನಿಂದ ಬರುವ ಗುಂಯ್ ಸದ್ದಿನ ಬಗ್ಗೆ ಎರಡು ಮಾತು. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಹೇಗಿದೆ ಅನ್ನುವುದನ್ನು ಮೊದಲು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್ ಎಲ್ಲ ಒಂದೇ ಸಿಸ್ಟಮ್‌ಗೆ ಸೇರಿದಾಗ ಗ್ರೌಂಡ್ ಲೂಪ್ ಆಗಿ, ಅಂದರೆ ಅರ್ಥ್ ದಾರಿಗಳು ಸುತ್ತುಕಟ್ಟಿ, 50 ಹರ್ಟ್ಸ್ ಗುಂಯ್ ಶುರುವಾಗಬಹುದು. ಮೂರು ಪಿನ್ನಿನ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಜೋಡಣೆ ಇದಕ್ಕೆ ಒಳ್ಳೆಯ ಮದ್ದು. ಹಮ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಜೀವಕ್ಕೆ ಅಪಾಯ.

ಆರಿಸುವ ಹೊತ್ತಿಗೆ ಹೋಲಿಕೆ ಹೇಗೆ ಮಾಡುವುದು? ಎಲ್ಲರೂ ಎಡವುವ ಜಾಗ ಇದು. ಎರಡು ಯಂತ್ರಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಕಿವಿಗೆ ಅದೇ ಚೆನ್ನ ಅನಿಸುತ್ತದೆ. ಜೋರು ಅಂತ ಗೊತ್ತಾಗುವುದಿಲ್ಲ. ತುಂಬಿದೆ, ಸ್ಪಷ್ಟ ಇದೆ ಅಂತ ಅನಿಸುತ್ತದೆ. ಆದ್ದರಿಂದ ಮೊದಲು ಮಟ್ಟ ಸರಿ ಮಾಡಿಕೊಳ್ಳಬೇಕು. ಬುಧವಾರ ಪೇಠದ ತಾಪ್ಕೀರ್ ಗಲ್ಲಿಯಲ್ಲಿ ಸಿಗುವ ಮಾಮೂಲಿ ಮಲ್ಟಿಮೀಟರ್ ಸಾಕು. 1 ಕಿಲೋಹರ್ಟ್ಸ್ ಬದಲು 200 ಅಥವಾ 400 ಹರ್ಟ್ಸ್ ಟೋನ್ ಹಾಕಿ, ಯಾಕೆಂದರೆ ಅಗ್ಗದ ಮೀಟರುಗಳು ಎಸಿ ವೋಲ್ಟೇಜನ್ನು ನಂಬಿಕೆಯಿಂದ ಅಳೆಯುವುದು ಅಲ್ಲಿಯವರೆಗೇ. ಸ್ಪೀಕರ್ ತುದಿಗಳಲ್ಲಿ ಎರಡೂ ಪ್ರೀಆಂಪ್ ಒಂದೇ ವೋಲ್ಟೇಜ್ ಕೊಡುವಂತೆ ನಾಬ್ ಇಡಿ. ವ್ಯತ್ಯಾಸ ನೂರಕ್ಕೆ ಒಂದೆರಡರ ಒಳಗೆ ಇರಲಿ. ಆಮೇಲೆ ಕೇಳಿ. ಹಾಗೆ ಕೇಳಿದಾಗ ಎಷ್ಟೋ ದೊಡ್ಡ ವ್ಯತ್ಯಾಸಗಳು ಕರಗಿ ಹೋಗುತ್ತವೆ. ಉಳಿಯುವುದು ನಿಜವಾದವು.

ಶೋರೂಮಿನ ಡೆಮೋ ಇದಕ್ಕೆ ಸಾಲದು. ಮುಂಬೈಗೆ ಹೋಗಿ ಏಸಿ ಕೋಣೆಯಲ್ಲಿ, ಜೋರು ವಾಲ್ಯೂಮ್‌ನಲ್ಲಿ, ಅವರೇ ಆರಿಸಿದ ಹಾಡು ಕೇಳಿದರೆ ಎಲ್ಲವೂ ಅದ್ಭುತವೇ. ಒಳ್ಳೆಯ ಡೀಲರುಗಳು ವಾರಾಂತ್ಯಕ್ಕೆ ಮನೆಗೆ ಕೊಡುತ್ತಾರೆ. ಕೇಳಲು ಸಂಕೋಚ ಬೇಡ, ಇಷ್ಟು ದುಡ್ಡು ಕೊಡುವವರಿಗೆ ಅದು ಹಕ್ಕು.

ಬೆಲೆಯ ಬಗ್ಗೆ ನನ್ನ ನಿಲುವು ಗಟ್ಟಿಯಾಗಿದೆ. ಸಿಗ್ನಲ್ ಹಾಯುವ ಚಿಪ್‌ಗಾಗಿ ಲಕ್ಷ ಕೊಡಬೇಕಿಲ್ಲ. 5532 ಅನ್ನುವ ಆಪ್‌ಆಂಪ್ ನೂರು ರೂಪಾಯಿಯೊಳಗೆ ಸಿಗುತ್ತದೆ; ನಾವು ತಲೆದೂಗುವ ಎಷ್ಟೋ ಧ್ವನಿಮುದ್ರಣಗಳು ಸ್ಟುಡಿಯೋ ಮಿಕ್ಸರಿನೊಳಗೆ ಅಂಥ ಹತ್ತಾರು ಚಿಪ್ ದಾಟಿ ಬಂದಿವೆ. ದುಡ್ಡು ಹೋಗಬೇಕಾದದ್ದು ವಾಲ್ಯೂಮ್ ಕಂಟ್ರೋಲ್‌ಗೆ, ಸದ್ದಿಲ್ಲದ ಪವರ್ ಸಪ್ಲೈಗೆ, ವರ್ಷಗಳ ನಂತರವೂ ಕರಕರ ಅನ್ನದ ಸ್ವಿಚ್ಚುಗಳಿಗೆ, ಇಲ್ಲೇ ರಿಪೇರಿ ಸಿಗುವ ಭರವಸೆಗೆ. ಅರ್ಧ ಇಂಚು ದಪ್ಪದ ಅಲ್ಯೂಮಿನಿಯಂ ಮುಖಕ್ಕೆ ಅಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಹಿಂದಿನ ಫಲಕದಲ್ಲಿ ವೋಲ್ಟೇಜ್ ಓದಿ. ಜಪಾನಿನಿಂದ ಬಂದದ್ದು 100 ವೋಲ್ಟ್, ಅಮೆರಿಕದ್ದು 120 ವೋಲ್ಟ್ ಇರಬಹುದು. ನಮ್ಮ 230ಕ್ಕೆ ಹಾಕಿದ ಕೂಡಲೇ ಮುಗಿಯಿತು.

ನಾನು ಕೊನೆಗೆ ತಂದದ್ದು ರಿಲೇ ವಾಲ್ಯೂಮ್ ಇರುವ, ಬೇಕಾದರೆ ಗೇನನ್ನು ಸೊನ್ನೆ ಡೆಸಿಬೆಲ್‌ಗೆ (ಅಂದರೆ ವೋಲ್ಟೇಜ್ ಏರಿಸದ ಹಾಗೆ) ಇಳಿಸಬಹುದಾದ, ಮೋನೋ ಸ್ವಿಚ್ ಇರುವ ಟ್ರಾನ್ಸಿಸ್ಟರ್ ಪ್ರೀಆಂಪ್. ಬ್ರಾಂಡ್ ಹೇಳುವುದಿಲ್ಲ, ಹೇಳಿದರೆ ಮಾತು ಅದರ ಸುತ್ತಲೇ ತಿರುಗುತ್ತದೆ. ಮೇಲೆ ಹೇಳಿದ ಮೂರು ಗುಣ ಇರುವ ಯಂತ್ರಗಳು ಬೇರೆ ಬೇರೆ ಬೆಲೆಯಲ್ಲಿ ಸಿಗುತ್ತವೆ. ಕಾಕಾ ಅವರಿಗೆ ಹೊಸದು ಕೊಳ್ಳುವ ಮನಸ್ಸಿರಲಿಲ್ಲ. ಅವರ ಹಳೆಯ ಆಂಪಿನ ಹಿಂದೆ ಪ್ರೀ ಔಟ್, ಮೇನ್ ಇನ್ ಸಾಕೆಟ್‌ಗಳಿದ್ದವು. ಅವುಗಳ ನಡುವೆ ರೆಸಿಸ್ಟರುಗಳಿಂದ ಮಾಡಿದ 20 ಡೆಸಿಬೆಲ್ ಅಟೆನ್ಯುಯೇಟರ್ ಜೋಡಿಸಿಕೊಟ್ಟೆ. ಈಗ ರಾತ್ರಿಯೂ ಅವರ ನಾಬ್ ಹತ್ತು, ಹನ್ನೊಂದು ಗಂಟೆಯ ಜಾಗಕ್ಕೆ ಬರುತ್ತದೆ, ಎಡಬಲ ತಾಳೆಯಾಗುತ್ತದೆ. ಖರ್ಚು ಕೆಲವು ನೂರು ರೂಪಾಯಿ. ನಿಮ್ಮ ಆಂಪಿನಲ್ಲೂ ಆ ಸಾಕೆಟ್‌ಗಳಿದ್ದರೆ ಲಕ್ಷದ ಯೋಚನೆಗೆ ಮೊದಲು ಇದನ್ನೊಮ್ಮೆ ಮಾಡಿ ನೋಡಿ.